ರಜೆ ನಮ್ಮದು, ಋತು ಅವುಗಳದು

ನಮ್ಮ ಮನೆಯಲ್ಲಿ ಪ್ರವಾಸಗಳನ್ನು ನಿರ್ಧರಿಸುವುದು ನಾನಲ್ಲ, ನನ್ನಾಕೆಯೂ ಅಲ್ಲ. ಮಗಳ ಶಾಲೆಯ ಕ್ಯಾಲೆಂಡರು. ಹೀಗಾಗಿ 2018ರಲ್ಲಿ ನೈರೋಬಿಯಲ್ಲಿದ್ದ ಅಕ್ಕ ಕರೆದಾಗ ಏಪ್ರಿಲ್ ಕೊನೆಯ ವಾರಕ್ಕೆ ಟಿಕೆಟ್ ತೆಗೆಸಿಬಿಟ್ಟೆ.

"ಆಗ ಇಲ್ಲಿ ಜಡಿಮಳೆ ಕಣೋ, ದಸರಾ ರಜಕ್ಕೆ ಬಾ" ಎಂದಳು ಅಕ್ಕ. ನಾನು ಕೇಳಲಿಲ್ಲ. ಕಬಿನಿ ಹಿನ್ನೀರಿಗೆ ಆನೆಗಳ ಹಿಂಡು ಇಳಿಯುವುದು ಬೇಸಿಗೆಯಲ್ಲಿ ತಾನೆ? ಅಲ್ಲದೆ ಮಗಳು ಎಸ್ಸೆಸ್ಸೆಲ್ಸಿಗೆ ಕಾಲಿಡುವವಳು. ದಸರಾ ಹೊತ್ತಿಗೆ ಟ್ಯೂಷನ್ ಬಿಡಿಸುವುದುಂಟೆ?

ಅಪ್ಪನೂ ಹೊರಟರು. ವೈಲ್ಡ್‌ಬೀಸ್ಟ್‌ಗಳ ಹಿಂಡು ಮಾರಾ ನದಿಗೆ ಧುಮುಕುವುದನ್ನು ಟಿ.ವಿ.ಯಲ್ಲಿ ಕಂಡಂದಿನಿಂದ ಅವರಿಗೆ ಅದೊಂದೇ ಆಸೆ.

ನನ್ನ ಲೆಕ್ಕ ಅರ್ಧ ಸರಿಯಾಗಿತ್ತು. ನೆಲ ಒಣಗಿ, ನೀರು ಅಲ್ಲಲ್ಲಿ ಮಾತ್ರ ಉಳಿದಾಗಲೇ ಪ್ರಾಣಿಗಳು ಚೆನ್ನಾಗಿ ಕಾಣುವುದು. ಆದರೆ ಕೆನ್ಯಾದಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ. ಆ ವರ್ಷವಂತೂ ವಿಪರೀತ. ಮಸಾಯಿ ಮಾರಾದಲ್ಲಿ ನಮ್ಮ ಜೀಪು ಎರಡು ಸಲ ಕೆಸರಿನಲ್ಲಿ ಹೂತಿತು. ಹುಲ್ಲು ಎದೆಯೆತ್ತರ. ಸಿಂಹವೆಂದು ಚಾಲಕ ತೋರಿಸಿದ ಕಡೆ ನಮಗೆ ಕಂಡದ್ದು ಎರಡು ಕಿವಿ!

"ನದಿ ದಾಟುವುದು ಎಲ್ಲಿ?" ಅಪ್ಪ ಕೇಳಿಸಿದರು. ಹಿಂಡು ಈಗ ಗಡಿಯಾಚೆ, ತಾಂಜಾನಿಯದ ಸೆರೆಂಗೆಟಿಯಲ್ಲಿದೆ ಎಂದ ಚಾಲಕ. ಜನವರಿ, ಫೆಬ್ರವರಿಯಲ್ಲಿ ಅಲ್ಲಿನ ದಕ್ಷಿಣದ ಬಯಲಲ್ಲಿ ಕರು ಹಾಕಿ, ಮಳೆ ಮತ್ತು ಹಸಿರು ಹುಲ್ಲನ್ನು ಹಿಂಬಾಲಿಸುತ್ತ ಜುಲೈ ಸುಮಾರಿಗೆ ಅವು ಮಾರಾಕ್ಕೆ ಬರುತ್ತವೆ. ಅಕ್ಟೋಬರ್ ಕಳೆಯುವಷ್ಟರಲ್ಲಿ ಮರಳುತ್ತವೆ. ಅಪ್ಪ ತುಂಬಿ ಹರಿಯುವ ನದಿಯನ್ನೇ ಬಹಳ ಹೊತ್ತು ನೋಡಿ, "ಹಾಗಾದರೆ ನಾವೇ ಬೇಗ ಬಂದೆವು" ಎಂದರು. ಅಷ್ಟೆ.

ನಷ್ಟವೇ ಆಯಿತೆನ್ನಲಾರೆ. ಬಯಲೆಲ್ಲ ಹಸಿರು, ಜನಸಂದಣಿಯಿಲ್ಲ, ವಸತಿಯ ದರವೂ ಕಡಿಮೆ. ಜಿರಾಫೆ, ಜೀಬ್ರಾ ಧಾರಾಳವಾಗಿ ಕಂಡವು. ಮಗಳು ನೋಟ್‌ಬುಕ್ಕಿನಲ್ಲಿ ಹಕ್ಕಿಗಳನ್ನೇ ಎರಡು ಪುಟ ಪಟ್ಟಿ ಮಾಡಿದಳು.

ಹೋಗುವವರಿಗೆ ನನ್ನ ಮಾತಿಷ್ಟೆ: ತಿಂಗಳನ್ನು ಆರಿಸುವ ಮೊದಲು ಏನು ನೋಡಬೇಕೆಂದು ಆರಿಸಿ. ನದಿ ದಾಟುವ ಹಿಂಡು ಬೇಕೆಂದರೆ ಜುಲೈಯಿಂದ ಅಕ್ಟೋಬರ್; ನಮ್ಮ ದಸರಾ ರಜೆ ಅದರ ಕೊನೆಗೆ ಬೀಳುತ್ತದೆ. ಆಗ ತಾನೆ ಹುಟ್ಟಿದ ಕರುಗಳನ್ನು ನೋಡಬೇಕೆಂದರೆ ಫೆಬ್ರವರಿ. ಬೇಸಿಗೆ ರಜೆ ಬಿಟ್ಟರೆ ಗತಿಯಿಲ್ಲ ಎನ್ನುವವರು ಮೇ ಕೊನೆಯಲ್ಲಿ ದಕ್ಷಿಣ ಆಫ್ರಿಕದ ಕ್ರೂಗರ್‌ಗೆ ಹೋಗಬಹುದು. ಅಲ್ಲಿ ಒಣ ಚಳಿಗಾಲ ಶುರುವಾಗುವುದೇ ಆಗ.

ಎಸ್ಸೆಸ್ಸೆಲ್ಸಿ ಮುಗಿಯಿತು. ಮತ್ತೆ ಹೊರಡುವ ಮಾತಾಡುವಷ್ಟರಲ್ಲಿ 2020ರ ಕೊರೊನಾ ಬಂತು. ಈಗ ಪದವಿ ಮುಗಿಸಿರುವ ಮಗಳು "ಅಜ್ಜ, ಆಗಸ್ಟ್‌ನಲ್ಲಿ ಹೋಗೋಣ" ಎನ್ನುತ್ತಾಳೆ. ಅಪ್ಪ ಮಂಡಿ ತೋರಿಸಿ ನಗುತ್ತಾರೆ.

ಮೊನ್ನೆ ಮಗಳನ್ನು ಕೇಳಿದೆ: ಆ ದಸರಾ ರಜದ ಟ್ಯೂಷನ್‌ನಲ್ಲಿ ಏನು ಕಲಿತೆ? ಅವಳಿಗೆ ಒಂದೂ ನೆನಪಿಲ್ಲವಂತೆ. ಸಿಂಹದ ಆ ಎರಡು ಕಿವಿ ಮಾತ್ರ ಚೆನ್ನಾಗಿ ನೆನಪಿದೆ.