ಆತಕೂರಿನ ಕಾಳಿ

ನಮ್ಮ ಮನೆಯ ಕರಿಯ ತೀರಿಕೊಂಡು ಹದಿನೈದು ದಿನಗಳಾಗಿದ್ದವು. ಹನ್ನೊಂದು ವರ್ಷ ನಮ್ಮ ಹೊಸ್ತಿಲನ್ನು ಕಾಯ್ದ ಜೀವವದು. ಹಿತ್ತಲ ಸಂಪಿಗೆಯ ಬುಡದಲ್ಲಿ ಅವನನ್ನು ಮಣ್ಣು ಮಾಡಿ ಬಂದ ದಿನವೇ ಅವನ ಅನ್ನದ ತಟ್ಟೆಯನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಹಾಕಿದ್ದೆ. "ಒಂದು ನಾಯಿಗಾಗಿ ಇಷ್ಟು ಕೊರಗುವುದುಂಟೆ? ಇನ್ನೊಂದು ಮರಿ ತಂದರಾಯಿತು" ಎಂದು ಹಿತೈಷಿಗಳು ನುಡಿದಾಗ, ದುಃಖದೊಡನೆ ನಾಚಿಕೆಯೂ ಸೇರಿಕೊಂಡಿತು.

ಇಂಥ ಮನಃಸ್ಥಿತಿಯಲ್ಲಿಯೇ ಕಾರ್ಯನಿಮಿತ್ತವಾಗಿ ಬೆಂಗಳೂರಿಗೆ ಹೋದವನು, ದೊರೆತ ಬಿಡುವಿನಲ್ಲಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಹೊಕ್ಕೆ. ವಿಗ್ರಹಗಳನ್ನೂ ವೀರಗಲ್ಲುಗಳನ್ನೂ ನೋಡುತ್ತ ಸಾಗಿದವನ ಕಾಲು ಆತಕೂರಿನ ಶಿಲಾಶಾಸನದ ಮುಂದೆ ತಾನಾಗಿಯೇ ನಿಂತಿತು. ಕಲ್ಲಿನಲ್ಲಿ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿದೆ. ಜೊತೆಯಲ್ಲಿಯೇ ಹಳಗನ್ನಡದ ಅಕ್ಷರಗಳು.

ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಎದುರಿಸಿದನು. ರಾಜಾದಿತ್ಯನು ಮಡಿದನು. ಆ ಕಾಳಗದಲ್ಲಿ ಅಂಜದೆ ಮುಂದೆ ನಿಂತ ತನ್ನ ಭಟ ಮಣಲೆರನನ್ನು ಮೆಚ್ಚಿದ ಬೂತುಗನು, "ಬೇಕಾದುದನ್ನು ಬೇಡು" ಎಂದನಂತೆ. ವಾಚಕರೇ, ಆ ವೀರನು ಬೇಡಿದುದೇನು ಬಲ್ಲಿರಾ? ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು!

ಮುಂದೊಂದು ದಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಕಾಳಿಯನ್ನು ಹಿರಿಯ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಅಲ್ಲಿಯೇ ಸತ್ತವು.

ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಲಾಯಿತು. ಆ ಊರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲಿನ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನೂ ಬಿಡಲಾಯಿತು. ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ ತಟ್ಟುವುದೆಂಬ ಕಟ್ಟಳೆಯನ್ನೂ ಶಾಸನದಲ್ಲಿ ಕೊರೆಯಿಸಿದ್ದಾರೆ.

ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ರಣರಂಗದಲ್ಲಿ ಹಿಂಜರಿಯದ ಮಣಲೆರನ ಕಾಲದವರು ಒಂದು ನಾಯಿಯ ಸಾವನ್ನು ಚಕ್ರವರ್ತಿಯ ವಿಜಯದೊಡನೆ ಒಂದೇ ಕಲ್ಲಿನಲ್ಲಿ ಬರೆಯಿಸಲು ನಾಚಲಿಲ್ಲ. ಮತ್ತೊಂದು ನಾಯಿ ತಂದರಾಯಿತೆಂದು ಕೈತೊಳೆದುಕೊಳ್ಳಲೂ ಇಲ್ಲ. ಆ ಸಾವಿಗೆ ಒಂದು ಸ್ಥಳವನ್ನು ಕೊಟ್ಟರು. ಉಣ್ಣುವ ಮೊದಲು ಮಾಡಲೇಬೇಕಾದ ಒಂದು ನಿತ್ಯದ ಕೆಲಸವನ್ನೂ ಕೊಟ್ಟರು. ನಾನೋ ನನ್ನ ದುಃಖವನ್ನು ಅಟ್ಟದಲ್ಲಿ ಬಚ್ಚಿಟ್ಟಿದ್ದೆ.

ಇಂದು ಆ ಕಲ್ಲು ತನ್ನ ಗುಡಿಯಿಂದ ದೂರವಾಗಿದೆ. ಆದರೂ ಸಾವಿರ ವರ್ಷಗಳಾಚೆಯ ಒಂದು ನಾಯಿಯ ಹೆಸರನ್ನು ಅದು ಇನ್ನೂ ಹೇಳುತ್ತಿದೆ.

ಊರಿಗೆ ಮರಳಿದೊಡನೆ ತಟ್ಟೆಯನ್ನು ಇಳಿಸಿ, ತೊಳೆದು, ಸಂಪಿಗೆಯ ಬುಡದಲ್ಲಿಟ್ಟೆ. ಈಗ ದಿನವೂ ಬೆಳಗ್ಗೆ ಉಣ್ಣುವ ಮುನ್ನ ಅದಕ್ಕೆ ನೀರು ತುಂಬುತ್ತೇನೆ. ಗುಬ್ಬಿಗಳೂ ಅಳಿಲುಗಳೂ ಬಂದು ಕುಡಿಯುತ್ತವೆ. ಕರಿಯನಿಲ್ಲವೆಂಬ ನೋವು ಹೋಗಿಲ್ಲ. ನಾಚಿಕೆ ಮಾತ್ರ ಹೋಗಿದೆ.