ಗೀರು ಅಳಿಸಿದ ಕೋವಿ

1857 ಅಂದರೆ ಎಲ್ಲರೂ ಕೊಬ್ಬು ಸವರಿದ ತೋಟಾದ ಕತೆ ಹೇಳ್ತಾರೆ. ಹಸುವಿನದೋ ಹಂದಿಯದೋ, ಯಾರ ಧರ್ಮ ಕೆಟ್ಟಿತೋ, ಪಾಠದ ತುಂಬ ಅದೇ. ಆ ಎನ್‌ಫೀಲ್ಡ್ ಕೋವಿಗೆ ಆಮೇಲೆ ಏನಾಯ್ತು ಅಂತ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ಅದರ ನಳಿಗೆಯೊಳಗೆ ಮೂರು ಸುರುಳಿ ಗೀರುಗಳಿದ್ದವು. ಗುಂಡು ಆ ಗೀರು ಹಿಡಿದು ಗಿರಗಿರ ತಿರುಗಿ ಹೊರಡೋದರಿಂದಲೇ ದೂರದ ಗುರಿ ಮುಟ್ಟುತ್ತಿತ್ತು. ದಂಗೆ ಅಡಗಿಸಿದ ಬ್ರಿಟಿಷರು ದೇಶೀ ಸಿಪಾಯಿಗಳ ಪಾಲಿನ ಕೋವಿಯ ನಳಿಗೆ ಕೊರೆದು ಗೀರುಗಳನ್ನೇ ಅಳಿಸಿದರು. .577 ಅಂಗುಲದ ಬಾಯಿ ಸುಮಾರು .65 ಆಯ್ತು. ಏರಿಸಿ ಇಳಿಸುವ ಗುರಿಪಟ್ಟಿ ಹೋಗಿ ಅಲ್ಲಾಡದ ಒಂದು ತುಣುಕು ಬಂತು. ಹೊರಗಿಂದ ನೋಡಿದರೆ ಅದೇ ಕೋವಿ! ಗೀರು ಉಳಿದದ್ದು ಬಿಳಿ ಸೋಲ್ಜರನ ಕೈಯಲ್ಲಿ.

ಇಪ್ಪತ್ತನೇ ಶತಮಾನದಲ್ಲಿ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಲೀ-ಎನ್‌ಫೀಲ್ಡ್ .303ಕ್ಕೂ ಇದೇ ಗತಿ. ನಳಿಗೆಯನ್ನು .410ಕ್ಕೆ ಕೊರೆದು, ಹತ್ತು ತೋಟಾ ಹಿಡಿಯುವ ಜಾಗಕ್ಕೆ ಮರದ ತುಂಡು ತುರುಕಿ, ಪೊಲೀಸರಿಗೆ, ಕಾವಲಿನವರಿಗೆ ಕೊಟ್ಟರು. ಒಂದು ಹಾರಿಸು, ಮತ್ತೆ ಒಂದು ತುಂಬು. ದೊರೆಗೆ ತನ್ನ ಕಾವಲುಗಾರನ ಮೇಲೆ ಎಷ್ಟು ಭಯವಿತ್ತು ಅಂತ ತಿಳೀಬೇಕಾದರೆ ಆ ಮರದ ತುಂಡು ನೋಡಿದರೆ ಸಾಕು.

ಇನ್ನು ನಮ್ಮವರ ಪಾಲು. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲ್ ಅದೇ ಸೈನ್ಯದಲ್ಲಿ ಸುಬೇದಾರರು. 1890ರ ದಶಕದಲ್ಲಿ 'ಯುದ್ಧಕುಲ'ದವರಲ್ಲ ಅಂತ ಮಹಾರರ ನೇಮಕಾತಿಯನ್ನೇ ನಿಲ್ಲಿಸಿದರು. ನಳಿಗೆ ಕೊರೆಯೋ ಖರ್ಚೂ ಉಳೀತು. ಮಹಾರ್ ರೆಜಿಮೆಂಟ್ ಹುಟ್ಟಿದ್ದು 1941ರಲ್ಲಿ. 1818ರಲ್ಲಿ ಕೋರೆಗಾಂವ್‌ನಲ್ಲಿ ಅದೇ ದೊರೆಗಳಿಗಾಗಿ ಸತ್ತ ಮಹಾರರ ಹೆಸರುಗಳು ಅಷ್ಟೂ ದಿನ ಕಂಬದ ಕಲ್ಲಿನ ಮೇಲೇ ಇದ್ದವು.