ಬೆಟ್ಟಗಳ ಬಟ್ಟಲಲ್ಲಿ ವಿಶಾಖಪಟ್ಟಣ

ಕೈಲಾಸಗಿರಿಯ ಮೇಲೆ ನಿಂತವರಿಗೆ ಮೊದಲು ಕಾಣುವುದು ಕಡಲು. ದಕ್ಷಿಣಕ್ಕೆ ಕಣ್ಣು ಹೊರಳಿಸಿದರೆ ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ನೀರಿಗೆ ಮೂತಿ ಚಾಚಿರುತ್ತದೆ. ಆ ಗುಡ್ಡದ ಮರೆಯಲ್ಲಿ ಬಂದರು. 1933ರಲ್ಲಿ ಅದು ತೆರೆದುಕೊಂಡ ಮೇಲೆ ಹಡಗು ಕಟ್ಟುವ ಕಾರ್ಖಾನೆ, 1957ರಲ್ಲಿ ತೈಲ ಶುದ್ಧೀಕರಣಾಗಾರ, ಹತ್ತು ವರ್ಷದ ಬಳಿಕ ರಸಗೊಬ್ಬರ, ಆಮೇಲೆ ಉಕ್ಕು, ಹೀಗೆ ಒಂದೊಂದಾಗಿ ಬಂದು ನೆಲೆಸಿದವು. ಉತ್ತರಕ್ಕೆ ಕೈಲಾಸಗಿರಿ–ಸಿಂಹಾಚಲಗಳ ಸಾಲು, ದಕ್ಷಿಣಕ್ಕೆ ಯಾರಾಡದ ಸಾಲು. ನಡುವಿನ ತಗ್ಗನ್ನು ಪರಿಸರ ತಜ್ಞರು ಬಟ್ಟಲಿಗೆ ಹೋಲಿಸುತ್ತಾರೆ. ಗಾಳಿ ಬಿದ್ದ ರಾತ್ರಿಗಳಲ್ಲಿ ಇಲ್ಲಿ ಎದ್ದ ಹೊಗೆಗೆ ಹೊರದಾರಿ ಕಡಿಮೆ.

ಇಂಥ ಊರಿನಲ್ಲಿ ಯಾವ ಅಪಾಯಕ್ಕೆ ಮೊದಲ ಸ್ಥಾನ? ಭೋಪಾಲದ ದುರಂತದ ತರುವಾಯ ಬಂದ 1989ರ ಮತ್ತು 1996ರ ನಿಯಮಗಳು ಈ ಪ್ರಶ್ನೆಯನ್ನು ಕಡ್ಡಾಯಗೊಳಿಸಿವೆ. ಗೋಡೆಯ ಒಳಗಿನ ಯೋಜನೆ ಕಾರ್ಖಾನೆಯ ಹೊಣೆ, ಹೊರಗಿನದು ಜಿಲ್ಲಾಡಳಿತದ ಹೊಣೆ. ಲೆಕ್ಕದ ರೀತಿ ಮೇಲ್ನೋಟಕ್ಕೆ ಸರಳ. ಅನಾಹುತ ಎಷ್ಟು ಬಾರಿ ಸಂಭವಿಸೀತು ಎಂಬುದನ್ನು, ಸಂಭವಿಸಿದರೆ ಎಷ್ಟು ಹಾನಿಯಾದೀತು ಎಂಬುದರಿಂದ ಗುಣಿಸುವುದು. ಅಡುಗೆಮನೆಯಲ್ಲಿ ಬಿಸಿ ಹಾಲು ಕೈಮೇಲೆ ಚೆಲ್ಲುವುದು ಆಗಾಗ, ಸಿಲಿಂಡರ್ ಸಿಡಿಯುವುದು ಅಪರೂಪ. ಆದರೂ ತಾಯಂದಿರು ರಾತ್ರಿ ಎದ್ದು ನೋಡುವುದು ಸಿಲಿಂಡರಿನ ತಿರುಪನ್ನೇ.

ವಿಶಾಖಪಟ್ಟಣದ ಜನರಿಗೆ ಈ ಗುಣಾಕಾರವನ್ನು ಮೊದಲು ಕಲಿಸಿದ್ದು ಶುದ್ಧೀಕರಣಾಗಾರ. 1997ರ ಸೆಪ್ಟೆಂಬರ್ 14, ಭಾನುವಾರ ಮುಂಜಾನೆ, ಅಲ್ಲಿ ಸೋರಿದ ಅಡುಗೆ ಅನಿಲಕ್ಕೆ ಬೆಂಕಿ ತಗುಲಿ ಸುಮಾರು 60 ಮಂದಿ ಸತ್ತರು. ಮಲ್ಕಾಪುರದ ಸುತ್ತಲಿನ ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ಓಡಿದರು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಊರನ್ನೇ ನೆಲಕ್ಕೆ ಬಾಗಿಸಿತು. ಆದರೆ ಚಂಡಮಾರುತ ಹೆಸರಿಟ್ಟುಕೊಂಡು ಬರುವ ಅತಿಥಿ. ದಿನಗಳ ಮುಂಚೆಯೇ ಅದರ ಹಾದಿ ತಿಳಿದಿರುತ್ತದೆ, ಜನರನ್ನು ಸಾಗಿಸಲು ವೇಳೆ ಸಿಗುತ್ತದೆ. ಪಟ್ಟಿ ಮಾಡುವಾಗ ಈ ವೇಳೆಯನ್ನೂ ತೂಗಬೇಕು ಎಂಬುದು ಹಲವರಿಗೆ ತೋಚುವುದಿಲ್ಲ.

ಕಡಲನ್ನು ಬಿಟ್ಟು ಒಳನಾಡಿನ ಕಡೆ ಹೊರಟರೆ ಸಿಂಹಾಚಲ. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯ ಇಲ್ಲಿಯ ವರಾಹ ನರಸಿಂಹನಿಗೆ ಕಾಣಿಕೆ ಸಲ್ಲಿಸಿದ್ದನ್ನು ಶಾಸನ ಹೇಳುತ್ತದೆ. ಆದ್ದರಿಂದ ಈ ಬೆಟ್ಟ ಕನ್ನಡಿಗರಿಗೆ ಅಪರಿಚಿತವಲ್ಲ. ಅದೇ ಬೆಟ್ಟಸಾಲಿನ ಆಸುಪಾಸಿನಲ್ಲಿ, ಗೋಪಾಲಪಟ್ಟಣಂ ಬಳಿ, ಆರ್.ಆರ್. ವೆಂಕಟಾಪುರ. 1961ರಲ್ಲಿ ಪ್ಲಾಸ್ಟಿಕ್ ಕಾರ್ಖಾನೆ ಆರಂಭವಾದಾಗ ಅದು ಊರ ಹೊರಗಿತ್ತು. ಕಾಲಕ್ರಮದಲ್ಲಿ ನಗರವೇ ನಡೆದುಕೊಂಡು ಬಂದು ಅದರ ಬೇಲಿಗೆ ಒರಗಿತು. ಮನೆಗಳು ಹೆಚ್ಚಿದಂತೆ ಗುಣಾಕಾರದ ಎರಡನೆಯ ಅಂಕಿ ತಾನೇ ಬೆಳೆಯುತ್ತದೆ. ಒಳಗಿನ ತೊಟ್ಟಿ ಮಾತ್ರ ಇದ್ದಲ್ಲಿಯೇ ಇರುತ್ತದೆ.

ತೊಟ್ಟಿಯಲ್ಲಿದ್ದುದು ಸ್ಟೈರೀನ್. ಅದು ಕ್ಲೋರಿನ್, ಅಮೋನಿಯಾಗಳಂತೆ ಕೇಳಿದೊಡನೆ ಹೆದರಿಕೆ ಹುಟ್ಟಿಸುವ ಅನಿಲವಲ್ಲ. ಸಾಧಾರಣ ಉಷ್ಣತೆಯಲ್ಲಿ ದ್ರವ, ಕುದಿಯಲು 145 ಡಿಗ್ರಿ ಬೇಕು. ಆದರೆ ಅದಕ್ಕೊಂದು ದುರ್ಗುಣ. ತಣ್ಣಗಿಡದೆ, ತಡೆರಾಸಾಯನಿಕ ಬೆರೆಸದೆ ಬಿಟ್ಟರೆ ಅದರ ಕಣಗಳು ತಾವೇ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಣಿಗೆಯಿಂದ ಶಾಖ, ಶಾಖದಿಂದ ಇನ್ನಷ್ಟು ಹೆಣಿಗೆ. 2020ರ ಲಾಕ್‌ಡೌನ್‌ನಲ್ಲಿ ಯಂತ್ರಗಳು ನಿಂತಿದ್ದವು, ತೊಟ್ಟಿ ತುಂಬಿತ್ತು. ಉಷ್ಣತೆ ಅಳೆಯುವ ಮಾಪಕವಿದ್ದುದು ತಳದಲ್ಲಿ. ಮೇಲಿನ ಪದರ ಕಾಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಮೇ 7, ವೈಶಾಖ ಹುಣ್ಣಿಮೆಯ ರಾತ್ರಿ, ಮೂರು ಗಂಟೆಯ ಹೊತ್ತಿಗೆ ಆವಿ ಹೊರನುಗ್ಗಿತು. ಗಾಳಿಗಿಂತ ಭಾರವಾದ ಆ ಆವಿ ಮೇಲೇರದೆ ನೆಲಕ್ಕಂಟಿ, ಮಲಗಿದ್ದವರ ಮನೆಗಳತ್ತ ಹರಿಯಿತು. ಎಚ್ಚರಿಕೆಯ ಸೈರನ್ ಕೂಗಲಿಲ್ಲ. ಎದ್ದು ಓಡಿದವರಲ್ಲಿ ಕೆಲವರು ರಸ್ತೆಯಲ್ಲೇ ಕುಸಿದರು. ಸತ್ತವರು 12 ಮಂದಿ, ಆಸ್ಪತ್ರೆ ಸೇರಿದವರು ನೂರಾರು. ಕೊಟ್ಟಿಗೆಯ ದನಗಳೂ ಸತ್ತವು, ಗಿಡಗಳ ಎಲೆ ಕಂದಿತು.

ರಾಜ್ಯ ಸರಕಾರದ ಉನ್ನತಾಧಿಕಾರ ಸಮಿತಿ ಎರಡು ತಿಂಗಳಲ್ಲಿ ವರದಿ ಕೊಟ್ಟು, ತೊಟ್ಟಿಯ ವಿನ್ಯಾಸ, ತಂಪು ವ್ಯವಸ್ಥೆ, ತಡೆರಾಸಾಯನಿಕದ ಕೊರತೆ, ಮೂಕವಾಗಿದ್ದ ಸೈರನ್ ಎಲ್ಲವನ್ನೂ ಎತ್ತಿ ತೋರಿಸಿತು. ಇವುಗಳಲ್ಲಿ ಯಾವುದೂ ದುಬಾರಿಯ ಸಂಗತಿಯಲ್ಲ. ದೊಡ್ಡ ಚಿಮಣಿಯ ಕಡೆಗೇ ನೋಡುತ್ತಿದ್ದ ಊರು, ಬಾಗಿಲಿನೆದುರಿನ ತೊಟ್ಟಿಯನ್ನು ಪಟ್ಟಿಯ ಯಾವ ಸಾಲಿನಲ್ಲಿ ಬರೆದುಕೊಂಡಿತ್ತು ಎಂದು ಕೇಳಬೇಕಾಗುತ್ತದೆ. ಹಾನಿ ಎಷ್ಟು, ಸಂಭವ ಎಷ್ಟು ಎಂಬ ಎರಡು ಕಲಮುಗಳ ಪಕ್ಕದಲ್ಲಿ ಮೂರನೆಯದೊಂದು ಬೇಕಿತ್ತು: ಜನರಿಗೆ ಸುದ್ದಿ ಮುಟ್ಟಲು ಎಷ್ಟು ನಿಮಿಷ?

ಮಡಿದವರ ಕುಟುಂಬಗಳಿಗೆ ರಾಜ್ಯ ಸರಕಾರ ತಲಾ ಒಂದು ಕೋಟಿ ರೂಪಾಯಿ ಘೋಷಿಸಿತು. ಕಾರ್ಖಾನೆಯಲ್ಲಿಯೂ ಬಂದರಿನಲ್ಲಿಯೂ ಉಳಿದಿದ್ದ ಸಾವಿರಾರು ಟನ್ ಸ್ಟೈರೀನನ್ನು ಅದೇ ತಿಂಗಳು ಹಡಗಿಗೆ ತುಂಬಿ ದಕ್ಷಿಣ ಕೊರಿಯಾಕ್ಕೆ ಹಿಂದಿರುಗಿಸಲಾಯಿತು.